ಹಂಪಿಯನ್ನು ಅಳೆದ ಅಧಿಕಾರಿ: ಕಾಲಿನ್ ಮೆಕೆಂಜಿ

ಹಂಪಿಯ ಅವಶೇಷಗಳನ್ನು ಅಳೆದು ಮೊದಲ ನಕ್ಷೆ ಮಾಡಿಸಿದವನು ಕಾಲಿನ್ ಮೆಕೆಂಜಿ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದಲ್ಲಿ ಎಂಜಿನಿಯರ್ ಅಧಿಕಾರಿಯಾಗಿದ್ದ ಈತ 1783ರಲ್ಲಿ ಮದ್ರಾಸಿಗೆ ಬಂದಿಳಿದ. 1821ರಲ್ಲಿ ಕಲ್ಕತ್ತೆಯ ಬಳಿ ತೀರಿಕೊಂಡ. ನಡುವಿನ 38 ವರ್ಷಗಳಲ್ಲಿ ಒಮ್ಮೆಯೂ ತನ್ನ ನಾಡಿಗೆ ಮರಳಲಿಲ್ಲ. ಮೈಸೂರಿನ ಎರಡು ಯುದ್ಧಗಳಲ್ಲಿ, ಸಿಂಹಳದಲ್ಲಿ, ಜಾವಾದಲ್ಲಿ ಕಾದಾಡಿದ. ಆದರೆ ಈತನ ಹೆಸರು ಇಂದಿಗೂ ಉಳಿದಿರುವುದು ಗೆದ್ದ ಕೋಟೆಗಳಿಂದಲ್ಲ. ಅಳೆಸಿದ ನೆಲದಿಂದ, ಬರೆಸಿದ ಕಾಗದಗಳಿಂದ. ಹೊಸಪೇಟೆ, ಕಮಲಾಪುರ, ಆನೆಗುಂದಿ, ಕಂಪ್ಲಿ ಸೀಮೆಯ ಇತಿಹಾಸ ಬರೆಯುವವರು ಯಾರೇ ಆಗಲಿ, ಒಂದಲ್ಲ ಒಂದು ಹಂತದಲ್ಲಿ ಆ ಕಾಗದಗಳ ಬಾಗಿಲು ತಟ್ಟಲೇಬೇಕು.

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನವೇ ಎಂಬ ಬಂದರು ಊರಿನಲ್ಲಿ. ತಂದೆ ವ್ಯಾಪಾರಿ, ಊರಿನ ಅಂಚೆಯ ಹೊಣೆಯೂ ಅವನದೇ. ಮಗ ಹರೆಯದಲ್ಲಿ ಅದೇ ಬಂದರಿನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾದ. ಗಣಿತದಲ್ಲಿ ಅವನಿಗೆ ಎಳವೆಯಿಂದಲೂ ಒಲವು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ವಂಶಸ್ಥರಾದ ನೇಪಿಯರ್ ಪ್ರಭುವಿನ ಕುಟುಂಬದ ನಂಟು ಈ ಒಲವಿನಿಂದಲೇ ಬೆಳೆಯಿತು. ಭಾರತದ ಗಣಿತದ ವಿಷಯ ತಿಳಿಯಬೇಕೆಂಬ ಕುತೂಹಲವನ್ನು ಹುಟ್ಟಿಸಿದ್ದೂ ಆ ಮನೆತನವೇ. ಮದ್ರಾಸಿಗೆ ಬಂದ ಹೊಸತರಲ್ಲಿ ಆ ಕುಟುಂಬದ ಮಗಳು ಹೆಸ್ಟರ್ ಜಾನ್‌ಸ್ಟನ್ ಮಧುರೆಯಲ್ಲಿದ್ದಳು. ಆಕೆಯ ಮನೆಯಲ್ಲಿ ಮೆಕೆಂಜಿಗೆ ಅಲ್ಲಿನ ಪಂಡಿತರ ಪರಿಚಯವಾಯಿತು. ಹಳೆಯ ಗ್ರಂಥಗಳನ್ನು ಕೂಡಿಹಾಕುವ ಯೋಚನೆ ಮೊಳೆತದ್ದು ಅಲ್ಲಿಯೇ ಎಂದು ಬಹುಕಾಲದ ನಂತರ ಒಂದು ಪತ್ರದಲ್ಲಿ ಅವನೇ ನೆನೆದಿದ್ದಾನೆ.

ಯೋಚನೆ ಮೊಳೆತರೂ ಅದಕ್ಕೆ ಬಿಡುವು ಸಿಗಲು ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಕಾಲಾಳು ಪಡೆಗೆ ಕೆಡೆಟ್ ಆಗಿ ಸೇರಿದವನು 1786ರಲ್ಲಿ ಎಂಜಿನಿಯರುಗಳ ಪಡೆಗೆ ವರ್ಗವಾದ. ಕೊಯಮತ್ತೂರು, ದಿಂಡಿಗಲ್, ನೆಲ್ಲೂರು, ಗುಂಟೂರು ಸೀಮೆಗಳಲ್ಲಿ ದಾರಿ, ಕಣಿವೆ, ಕೋಟೆಗಳ ಅಳತೆ ಮಾಡಿದ. 1790ರಲ್ಲಿ ಮೂರನೆಯ ಮೈಸೂರು ಯುದ್ಧ ಶುರುವಾದಾಗ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಜೊತೆ ಘಟ್ಟ ಹತ್ತಿ ಬಂದ. ಬೆಂಗಳೂರು ಕೋಟೆಯ ಮುತ್ತಿಗೆ, ಆಮೇಲೆ ಶ್ರೀರಂಗಪಟ್ಟಣದ ಮೊದಲ ಮುತ್ತಿಗೆ, ಎರಡರಲ್ಲೂ ಅವನಿದ್ದ. ಆ ಕಾಲದ ಯುದ್ಧದಲ್ಲಿ ಎಂಜಿನಿಯರನ ಕೆಲಸವೆಂದರೆ ಕೋಟೆಗೋಡೆಯ ದುರ್ಬಲ ಜಾಗ ಗುರುತಿಸುವುದು, ಫಿರಂಗಿ ನೆಲೆಗಳನ್ನು ಕಟ್ಟಿಸುವುದು, ಸೈನ್ಯ ನಡೆಯುವ ದಾರಿಯನ್ನು ಮುಂಚಿತವಾಗಿ ಗುರುತು ಹಾಕುವುದು. ಒಳನಾಡಿನ ನಕ್ಷೆ ಇಲ್ಲದೆ ಸೈನ್ಯ ಎಷ್ಟು ಪಾಡು ಪಡುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡದ್ದು ಈ ಯುದ್ಧದಲ್ಲಿ.

1792ರ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಸೀಮೆಯ ಒಂದು ಪಾಲು ಹೈದರಾಬಾದಿನ ನಿಜಾಮನಿಗೆ ಹೋಯಿತು. ಆ ಸೀಮೆಯ ಅಳತೆಗೆ ಕಾರ್ನ್‌ವಾಲಿಸ್ ಮೆಕೆಂಜಿಯನ್ನೇ ನೇಮಿಸಿದ. ಅಲ್ಲಿಂದ ಮುಂದೆ ದಖನ್ನಿನ ಭೂಪಟದ ಕೆಲಸ ಅವನ ಬೆನ್ನಿಗಂಟಿತು. ನಡುನಡುವೆ ಯುದ್ಧದ ಕರೆಯೂ ಬರುತ್ತಿತ್ತು. 1793ರಲ್ಲಿ ಪಾಂಡಿಚೇರಿಯ ಮುತ್ತಿಗೆ, 1795-96ರಲ್ಲಿ ಡಚ್ಚರಿಂದ ಸಿಂಹಳವನ್ನು ಕಿತ್ತುಕೊಂಡ ದಂಡಯಾತ್ರೆ. ಸಿಂಹಳದಿಂದ ಹಿಂತಿರುಗಿದ ವರ್ಷವೇ ಅವನ ಬದುಕಿಗೆ ಹೊಸ ತಿರುವು ಸಿಕ್ಕಿತು. ಆ ತಿರುವಿನ ಹೆಸರು ಕಾವಲಿ ವೆಂಕಟ ಬೋರಯ್ಯ.

ಬೋರಯ್ಯ ಏಲೂರಿನ ಕಡೆಯ ತೆಲುಗು ಬ್ರಾಹ್ಮಣ ಯುವಕ. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಮೆಕೆಂಜಿಯ ಬಳಿ ಕೆಲಸಕ್ಕೆ ಸೇರಿದ. ಸಂಸ್ಕೃತ, ತೆಲುಗು, ಕನ್ನಡ, ಮರಾಠಿ, ಇಂಗ್ಲಿಷ್ ನಡುವೆ ಸಲೀಸಾಗಿ ಓಡಾಡುವ ಜಾಣ್ಮೆ ಅವನಿಗಿತ್ತು. ಮೆಕೆಂಜಿಗಾದರೋ ಭಾರತದ ಯಾವ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ. ಇದನ್ನು ಅವನು ಎಂದೂ ಮುಚ್ಚಿಟ್ಟುಕೊಳ್ಳಲಿಲ್ಲ; ಈ ನಾಡಿನ ತಿಳಿವಿನ ಬಾಗಿಲು ತನಗೆ ತೆರೆದದ್ದು ಬೋರಯ್ಯನಿಂದಲೇ ಎಂದು ಬರೆದಿದ್ದಾನೆ. ಬೋರಯ್ಯ 1803ರಲ್ಲಿ, ಮೂವತ್ತು ತುಂಬುವ ಮೊದಲೇ, ತೀರಿಕೊಂಡ. ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ ಅಣ್ಣನ ಕೆಲಸವನ್ನು ಮುಂದುವರಿಸಿದರು. ಮೆಕೆಂಜಿ ಸಂಗ್ರಹ ಎಂದು ಲೋಕ ಕರೆಯುವುದರಲ್ಲಿ ಈ ಮೂವರು ಅಣ್ಣತಮ್ಮಂದಿರ ದುಡಿಮೆ ಎಷ್ಟು ದೊಡ್ಡದೆಂದರೆ, ಹೆಸರನ್ನು ಹಂಚಿಕೊಳ್ಳುವ ಹಕ್ಕು ಅವರಿಗೆ ನಿಸ್ಸಂಶಯವಾಗಿ ಇದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಆ ಮುತ್ತಿಗೆಯಲ್ಲೂ ಮೆಕೆಂಜಿ ಎಂಜಿನಿಯರನಾಗಿದ್ದ. ಗೆದ್ದ ರಾಜ್ಯವನ್ನು ಕಂಪನಿ, ನಿಜಾಮ ಮತ್ತು ಮೈಸೂರಿನ ಒಡೆಯರ ಮನೆತನದ ನಡುವೆ ಹಂಚಬೇಕಿತ್ತು. ಹಂಚಬೇಕಾದರೆ ಎಲ್ಲೆ ಯಾವುದು, ಎಲ್ಲೆಯೊಳಗೆ ಊರುಗಳೆಷ್ಟು, ಕೆರೆಗಳೆಷ್ಟು, ಹುಟ್ಟುವಳಿ ಎಷ್ಟು ಎಂಬುದು ತಿಳಿಯಬೇಕು. ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರು ಸರ್ವೆಗೆ ಅಪ್ಪಣೆ ಕೊಟ್ಟು ಮೆಕೆಂಜಿಯನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದ. ಸುಮಾರು ಹತ್ತು ವರ್ಷ ನಡೆದ ಈ ಸರ್ವೆ 40,000 ಚದರ ಮೈಲಿಯಷ್ಟು ನೆಲವನ್ನು ಒಳಗೊಂಡಿತು. ಆರಂಭದ ಹುಮ್ಮಸ್ಸು ಬಹಳ ದಿನ ಉಳಿಯಲಿಲ್ಲ. ಲಂಡನ್ನಿನ ಕಂಪನಿ ನಿರ್ದೇಶಕರಿಗೆ ಖರ್ಚು ಹೆಚ್ಚೆನಿಸಿತು. ಭತ್ಯೆ, ಸಿಬ್ಬಂದಿ ಎರಡಕ್ಕೂ ಕತ್ತರಿ ಬಿತ್ತು. ಗ್ರಂಥ, ನಾಣ್ಯ, ಶಾಸನಗಳ ಸಂಗ್ರಹಕ್ಕೆ ಮೆಕೆಂಜಿ ತನ್ನ ಸ್ವಂತ ಸಂಬಳದಿಂದ ಹಣ ಹಾಕತೊಡಗಿದ. ಕೊನೆಯವರೆಗೂ ಹಾಕುತ್ತಲೇ ಹೋದ.

ಸರ್ವೆಯ ಕ್ರಮ ಹೀಗಿತ್ತು. ಮೊದಲು ಸಮತಟ್ಟಾದ ಬಯಲಿನಲ್ಲಿ ಸರಪಳಿಯಿಂದ ಒಂದು ಆಧಾರ ರೇಖೆಯನ್ನು ಬಲು ಎಚ್ಚರಿಕೆಯಿಂದ ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಗುಡ್ಡದ ನೆತ್ತಿಯ ಬಾವುಟವನ್ನು ಥಿಯೋಡೊಲೈಟಿನಲ್ಲಿ ನೋಡಿ ಕೋನ ಹಿಡಿಯುವುದು. ಒಂದು ಬದಿಯ ಉದ್ದ, ಎರಡು ಕೋನ ಗೊತ್ತಾದರೆ ತ್ರಿಕೋನದ ಉಳಿದೆರಡು ಬದಿಗಳು ಲೆಕ್ಕದಲ್ಲೇ ಸಿಗುತ್ತವೆ. ನೆಲದ ಮೇಲೆ ಮತ್ತೆ ಸರಪಳಿ ಎಳೆಯಬೇಕಿಲ್ಲ. ಆ ಬದಿಗಳ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ಗುಡ್ಡದಿಂದ ಗುಡ್ಡಕ್ಕೆ ಬಲೆ ಹರಡುತ್ತದೆ. ಬಲೆ ಸಿದ್ಧವಾದ ಮೇಲೆ ಅದರ ಕಣ್ಣುಗಳೊಳಗೆ ಊರು, ಹಳ್ಳ, ಕೆರೆ, ದಾರಿ, ತಾಲ್ಲೂಕಿನ ಗಡಿಗಳನ್ನು ತುಂಬುತ್ತಾರೆ. ಬಳ್ಳಾರಿ ಸೀಮೆಯ ಹಾಗೆ ಬಯಲಿನ ನಡುವೆ ಬಂಡೆಗುಡ್ಡಗಳು ಎದ್ದು ನಿಂತಿರುವ ನಾಡು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದೇ ಹೊತ್ತಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿ ಬೆಂಗಳೂರಿನ ಬಳಿ ಆಧಾರ ರೇಖೆ ಅಳೆದು, ಮುಂದೆ ಹಿಮಾಲಯದವರೆಗೆ ಬೆಳೆದ ಮಹಾ ತ್ರಿಕೋನ ಮಾಪನಕ್ಕೆ ನಾಂದಿ ಹಾಡಿದ. ಲ್ಯಾಂಬ್ಟನ್ನನಿಗೆ ಬೇಕಿದ್ದುದು ಭೂಮಿಯ ಆಕಾರದ ಲೆಕ್ಕ. ಮೆಕೆಂಜಿಗೆ ಬೇಕಿದ್ದುದು ಆ ಭೂಮಿಯ ಮೇಲೆ ಬಾಳುವವರ ವಿವರ.

ಈ ವ್ಯತ್ಯಾಸ ಹಂಪಿಯಲ್ಲಿ ಚೆನ್ನಾಗಿ ಕಾಣುತ್ತದೆ. 1565ರ ರಕ್ಕಸತಂಗಡಿ ಯುದ್ಧದ ನಂತರ ಹಾಳುಬಿದ್ದ ವಿಜಯನಗರದ ಬಗ್ಗೆ ಕಂಪನಿಯವರಿಗೆ ಗೊತ್ತಿದ್ದದ್ದು ಕಡಿಮೆ. ವಿರೂಪಾಕ್ಷನ ಪೂಜೆ ನಡೆಯುತ್ತಿತ್ತು, ಜಾತ್ರೆಗೆ ಜನ ಬರುತ್ತಿದ್ದರು, ಕಾಲುವೆಗಳಲ್ಲಿ ನೀರು ಹರಿದು ಕಬ್ಬು ಬಾಳೆ ಬೆಳೆಯುತ್ತಿತ್ತು. ಊರವರ ಪಾಲಿಗೆ ಅದು ಮರೆತುಹೋದ ಜಾಗವಲ್ಲ. ಆದರೆ ಅಷ್ಟು ದೊಡ್ಡ ಪಟ್ಟಣ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿತ್ತು, ಯಾವ ಗುಡಿ ಯಾವ ಕೋಟೆಸುತ್ತಿನ ಒಳಗಿದೆ ಎಂಬುದನ್ನು ಅಳತೆ ಹಿಡಿದು ಕಾಗದದ ಮೇಲೆ ಇಟ್ಟವರಿರಲಿಲ್ಲ. 1800ರ ಸುಮಾರಿಗೆ ಮೆಕೆಂಜಿ ಇಲ್ಲಿಗೆ ಬಂದ. ಅವಶೇಷಗಳ ಒಂದು ನಕ್ಷೆ ಸಿದ್ಧವಾಯಿತು. ಅವನ ಕಡೆಯ ಚಿತ್ರಗಾರರು ಗುಡಿಗೋಪುರಗಳನ್ನು ಜಲವರ್ಣದಲ್ಲಿ ಬರೆದರು. ಅವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಅಲಂಕಾರದ ಆಸೆ ಕಡಿಮೆ. ಕಟ್ಟಡ ಹೇಗೆ ನಿಂತಿದೆಯೋ ಹಾಗೆ ತೋರಿಸುವುದೇ ಅವುಗಳ ಗುರಿ.

ಇಂಥ ಚಿತ್ರಗಳ ಬೆಲೆ ತಿಳಿಯಲು ವಿಠ್ಠಲ ದೇವಾಲಯದ ಕಲ್ಲಿನ ರಥವೊಂದನ್ನು ನೋಡಿದರೆ ಸಾಕು. ಇಂದು ಐವತ್ತು ರೂಪಾಯಿ ನೋಟಿನ ಮೇಲೆ ಕಾಣುವ ರಥಕ್ಕೆ ಶಿಖರವಿಲ್ಲ, ಮಾಡು ಚಪ್ಪಟೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆ ಗಾರೆಯ ಶಿಖರ ಇದೆ. ಆಮೇಲೆ ಅದನ್ನು ತೆಗೆಯಲಾಯಿತು. ಆ ಒಂದು ಚಿತ್ರ ಉಳಿಯದೇ ಹೋಗಿದ್ದರೆ, ರಥ ಮೊದಲಿನಿಂದ ಹೀಗೆಯೇ ಇತ್ತೆಂದು ಎಲ್ಲರೂ ನಂಬಿರುತ್ತಿದ್ದರು. ಗ್ರೀನ್‌ಲಾಗಿಂತ ಅರ್ಧ ಶತಮಾನ ಹಿಂದಿನ ಮೆಕೆಂಜಿಯ ನಕ್ಷೆ, ಚಿತ್ರಗಳಿಗೆ ಇರುವ ತೂಕವೂ ಇದೇ ಬಗೆಯದು.

ಕಲ್ಲು ಅಳೆದು ಮುಗಿದ ಮೇಲೆ ಮೆಕೆಂಜಿ ಸುಮ್ಮನಾಗಲಿಲ್ಲ. ವಿಜಯನಗರದ ಅರಸರ ಪೀಳಿಗೆಯವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ. ಇದ್ದರು. ತುಂಗಭದ್ರಾ ಹೊಳೆಯಾಚೆಯ ಆನೆಗುಂದಿಯಲ್ಲಿ ತಿಮ್ಮಪ್ಪ ಎಂಬ ರಾಜ ಇದ್ದ. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಸೈನ್ಯ ಆನೆಗುಂದಿಯನ್ನು ಸುಟ್ಟು ಆ ಮನೆತನವನ್ನು ಓಡಿಸಿತ್ತು. ಟಿಪ್ಪು ಮಡಿದ ಮೇಲೆ ತಿಮ್ಮಪ್ಪ ಮರಳಿದ್ದ. ಮುಂದೆ ಕಂಪನಿಯ ಪಿಂಚಣಿ ಅವನ ಆಸರೆಯಾಯಿತು. ಆನೆಗುಂದಿ ಅರಸರ ಕಥೆಯನ್ನು ತಿಮ್ಮಪ್ಪ ಬಾಯಿಮಾತಿನಲ್ಲಿ ಹೇಳಿದ್ದನ್ನು ಕಮಲಾಪುರ ಮತ್ತು ಆನೆಗುಂದಿಯಲ್ಲಿ ಬರೆದುಕೊಳ್ಳಲಾಯಿತು. ಇಂಗ್ಲಿಷಿಗೆ ಇಳಿದ ಆ ಹೇಳಿಕೆ ಕೆಲವೇ ವರ್ಷಗಳಲ್ಲಿ ಏಷಿಯಾಟಿಕ್ ಆನ್ಯುಯಲ್ ರಿಜಿಸ್ಟರ್ ಎಂಬ ಲಂಡನ್ನಿನ ವಾರ್ಷಿಕದಲ್ಲಿ ಅಚ್ಚಾಯಿತು. ಸಾಮ್ರಾಜ್ಯ ಕಳೆದುಕೊಂಡ ಮನೆತನದ ಕುಡಿಯೊಬ್ಬ ತನ್ನ ಹಿರಿಯರ ಕಥೆಯನ್ನು ತಾನೇ ಹೇಳಿ ಬರೆಸಿದ ಸಂದರ್ಭ ದಕ್ಷಿಣ ಭಾರತದ ಚರಿತ್ರೆಯಲ್ಲಿ ಅಪರೂಪ. ಅದರ ಇಸವಿಗಳಲ್ಲಿ, ಪೀಳಿಗೆಗಳಲ್ಲಿ ಎಡವಟ್ಟುಗಳಿವೆ. ಆದರೂ ಆ ಮನೆತನ ತನ್ನನ್ನು ತಾನು ಹೇಗೆ ಕಂಡುಕೊಂಡಿತ್ತು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷ್ಯ ಬೇರೊಂದಿಲ್ಲ.

ಮೆಕೆಂಜಿಯ ಕೆಲಸದ ಬಹುದೊಡ್ಡ ಪಾಲು ಕೈಫಿಯತ್ತುಗಳದ್ದು. ಒಂದು ಊರಿನ ಕರಣಂ ಅಥವಾ ಶಾನಭೋಗ, ಊರಿನ ಹಿರಿಯರು ಕೊಟ್ಟ ವಿವರಗಳ ಬರಹವೇ ಕೈಫಿಯತ್ತು. ಊರಿಗೆ ಆ ಹೆಸರು ಹೇಗೆ ಬಂತು, ಕಾಡು ಕಡಿದು ನೆಲೆ ನಿಂತವರು ಯಾರು, ಕೆರೆ ಕಟ್ಟಿಸಿದ್ದು ಯಾರು, ದೇವರು ಎಲ್ಲಿ ಉದ್ಭವಿಸಿತು, ಯಾವ ಅರಸ ಯಾವ ಮಾನ್ಯ (ತೆರಿಗೆಯಿಲ್ಲದ ಭೂಮಿ) ಬಿಟ್ಟ, ಯಾವ ಪಾಳೆಯಗಾರ ಕೊಳ್ಳೆ ಹೊಡೆದ, ಹೈದರನ ಅಮಲಿನಲ್ಲಿ ಏನಾಯಿತು, ಈಗ ಕುಳಗಳೆಷ್ಟು, ಬೆಳೆ ಏನು ಎಂಬ ಮಾಹಿತಿ ಅದರಲ್ಲಿ ಇರುತ್ತದೆ. ಕೆಲವು ಬರಹಗಳು ಪರೀಕ್ಷಿತ ಜನಮೇಜಯರಿಂದಲೇ ಶುರುವಾಗಿ, ರಾಯರ ಕಾಲವನ್ನು ದಾಟಿ, ಕಂಪನಿ ಸರ್ಕಾರದವರೆಗೆ ಒಂದೇ ಉಸಿರಿನಲ್ಲಿ ಬಂದು ನಿಲ್ಲುತ್ತವೆ. ಭಾಷೆ ಕಚೇರಿಯದು, ಕನ್ನಡದ ನಡುವೆ ಪಾರಸಿ, ಮರಾಠಿ ಮಾತುಗಳು ಧಾರಾಳ. ಇನಾಮು, ಜಹಗೀರು, ಜಮಾಬಂದಿ, ಠಾಣ್ಯ ಎಂಬ ಮಾತುಗಳ ಪಕ್ಕದಲ್ಲೇ ಹುತ್ತಕ್ಕೆ ಹಾಲು ಸುರಿಸಿದ ಹಸುವಿನ ಕಥೆಯೂ ಬರುತ್ತದೆ.

ಈ ವಿವರಗಳನ್ನು ಕರಣಿಕರು ನೆನಪಿನಿಂದ ಮಾತ್ರ ಹೇಳುತ್ತಿರಲಿಲ್ಲ. ಅವರ ಮನೆಗಳಲ್ಲಿ ಕಡತಗಳಿದ್ದವು. ದಪ್ಪ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಉಜ್ಜಿ ನುಣುಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಕಪ್ಪು ಮೈಯ ಮೇಲೆ ಬಿಳಿ ಬಳಪದಿಂದ ಬರೆಯುವುದು, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯುವುದು ವಾಡಿಕೆ. ಊರಿನ ಲೆಕ್ಕ, ಭೂಮಿಯ ವ್ಯಾಜ್ಯ, ಹಳೆಯ ಶಾಸನದ ನಕಲು ಎಲ್ಲವೂ ಅದರೊಳಗೆ. ಒರೆಸಿದರೆ ಹೋಗುವ ಬರಹದ ಮೇಲೆ ಊರಿನ ಹಕ್ಕುಬಾಧ್ಯತೆಗಳೆಲ್ಲ ನಿಂತಿದ್ದವು. ಕರಣಿಕನ ಮಾತಿಗೆ ಅಷ್ಟು ಬೆಲೆ ಇದ್ದ ಕಾಲ ಅದು. ಹೊಸ ಸರ್ಕಾರದ ಹೊಸ ಲೆಕ್ಕಪುಸ್ತಕಗಳು ಬಂದ ಮೇಲೆ ಕಡತಗಳ ಬಳಕೆ ನಿಂತು ಬಹುಪಾಲು ಹಾಳಾದವು. ಹಾಳಾಗುವ ಮೊದಲು ಅವುಗಳಿಂದ ಕಾಗದಕ್ಕೆ ಇಳಿದು ಉಳಿದ ಮಾಹಿತಿ ಕೈಫಿಯತ್ತುಗಳ ಮೂಲಕ ದೊರೆತದ್ದು.

ಮೆಕೆಂಜಿಯ ಗುಮಾಸ್ತರು ಊರಿಂದೂರಿಗೆ ನಡೆದು ಇದನ್ನು ಸಂಗ್ರಹಿಸುತ್ತಿದ್ದರು. ಏನೇನು ಕೇಳಬೇಕು ಎಂಬ ಪಟ್ಟಿ ಅವರ ಕೈಯಲ್ಲಿರುತ್ತಿತ್ತು. ತಾವು ಹೋದ ಊರು, ಕಂಡ ಜನ, ಸಿಕ್ಕ ಗ್ರಂಥಗಳ ವರದಿಯನ್ನು ಕಾಲಕಾಲಕ್ಕೆ ಕಳಿಸಬೇಕಿತ್ತು. ಎಲ್ಲ ಕಡೆಯೂ ಒಳ್ಳೆಯ ಸ್ವಾಗತ ಸಿಗಲಿಲ್ಲ. ಸರ್ಕಾರಿ ಸಾಹೇಬನ ಕಡೆಯವರು ಮಾನ್ಯದ ಲೆಕ್ಕ ಕೇಳಿದರೆ ಯಾರಿಗೆ ಅಳುಕಾಗದು? ಕೊಟ್ಟ ಉತ್ತರ ನಾಳೆ ಕಂದಾಯವಾಗಿ ಮರಳೀತು ಎಂಬ ಹೆದರಿಕೆ ಊರೂರಲ್ಲೂ ಇತ್ತು. ಹೀಗಾಗಿ ಕೈಫಿಯತ್ತಿನಲ್ಲಿ ಹೇಳಿದ್ದೆಲ್ಲ ಇದ್ದದ್ದು ಇದ್ದಂತೆ ಎಂದು ನಂಬುವ ಹಾಗಿಲ್ಲ. ಮಾನ್ಯದ ಹಕ್ಕನ್ನು ಬಲಪಡಿಸಲು ದಾನದ ಕಾಲವನ್ನು ಹಿಂದಕ್ಕೆ ತಳ್ಳಿದ್ದುಂಟು, ದಾನಿಯನ್ನು ದೊಡ್ಡವನನ್ನಾಗಿ ಮಾಡಿದ್ದುಂಟು. ಶಾಸನದ ಜೊತೆ ಇಟ್ಟು ಹೋಲಿಸಿ ನೋಡಿದಾಗಲೇ ಜಳ್ಳು ಯಾವುದು ಕಾಳು ಯಾವುದು ತಿಳಿಯುವುದು. ಶಾಸನ ಹೇಳದ್ದನ್ನು ಕೈಫಿಯತ್ತು ಹೇಳುತ್ತದೆ ಎಂಬುದೂ ಅಷ್ಟೇ ನಿಜ. ಬರಗಾಲಕ್ಕೆ ಊರು ಬಿಟ್ಟವರು, ಕೆರೆ ಒಡೆದ ವರ್ಷ, ಕುಲಗಳ ನಡುವಿನ ಜಗಳ, ಇವನ್ನು ಯಾವ ಅರಸನೂ ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ. ಕಂಪ್ಲಿಯ ಕುಮಾರರಾಮನಂಥ ವೀರನ ನೆನಪು ಶತಮಾನಗಳ ಕಾಲ ಜನರ ಬಾಯಲ್ಲಿ ಉಳಿದು ಬಂದ ಸೀಮೆಯಲ್ಲಿ, ಹೇಳಿಕೆಯನ್ನು ಕಥೆಯೆಂದು ತಳ್ಳಿಹಾಕದೆ ಬರೆದಿಟ್ಟದ್ದು ದೊಡ್ಡ ಕೆಲಸ.

ಹಳಗನ್ನಡ ಶಾಸನಗಳ ಓದಿನಲ್ಲಿ ಮೆಕೆಂಜಿಗೆ ನೆರವಾದವನು ಧರ್ಮಯ್ಯ. ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ಪಂಡಿತ. ಅದೇ ಊರಿನ ದೇವಚಂದ್ರನಿಗೂ ಮೆಕೆಂಜಿಯ ಒಡನಾಟ ಸಿಕ್ಕಿತು. ಮುಂದೆ 1838ರ ಸುಮಾರಿಗೆ ದೇವಚಂದ್ರ ರಾಜಾವಳಿ ಕಥೆಯನ್ನು ಬರೆದ. ಜೈನರ ಬಗ್ಗೆ ಮೆಕೆಂಜಿ ಪ್ರಕಟಿಸಿದ ವಿವರಗಳು 1807ರಲ್ಲಿ ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯಲ್ಲಿ ಬಂದವು. ಜೈನ ಧರ್ಮ ಬೌದ್ಧ ಧರ್ಮಕ್ಕಿಂತ ಬೇರೆಯಾದುದೆಂದು ಯುರೋಪಿನ ವಿದ್ವಾಂಸರು ಅರಿಯಲು ಈ ಕನ್ನಡನಾಡಿನ ಮಾಹಿತಿ ದಾರಿ ಮಾಡಿತು. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಮೆಕೆಂಜಿಯ ಪ್ರಸಿದ್ಧ ತೈಲಚಿತ್ರದಲ್ಲಿ ಕೆಂಪು ಸಮವಸ್ತ್ರದ ಸಾಹೇಬನೊಬ್ಬನೇ ನಿಂತಿಲ್ಲ. ಪಕ್ಕದಲ್ಲಿ ಮೂವರು ಭಾರತೀಯರಿದ್ದಾರೆ. ಒಬ್ಬನ ಕೈಯಲ್ಲಿ ಓಲೆಗರಿಯ ಕಟ್ಟು, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ. ಹಿಂದೆ ದೂರದ ಗುಡ್ಡದ ಮೇಲೆ ಗೊಮ್ಮಟನ ಮೂರ್ತಿ. ಆ ಕಾಲದ ಕಂಪನಿ ಅಧಿಕಾರಿಗಳ ಚಿತ್ರಗಳಲ್ಲಿ ಭಾರತೀಯರು ಕಂಡರೆ ಸೇವಕರಾಗಿ ಕಾಣುವುದೇ ಹೆಚ್ಚು. ಇಲ್ಲಿ ವಿದ್ವಾಂಸರೂ ಇದ್ದಾರೆ.

ಬಳ್ಳಾರಿ ಸೀಮೆ ಕಂಪನಿಯ ನೇರ ಆಳ್ವಿಕೆಗೆ ಬಂದದ್ದು 1800ರಲ್ಲಿ. ಮೈಸೂರು ಯುದ್ಧಗಳಲ್ಲಿ ತನ್ನ ಪಾಲಿಗೆ ಬಂದ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಭಾಗಗಳನ್ನು ನಿಜಾಮ ಸೈನ್ಯದ ಖರ್ಚಿಗೆಂದು ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರಾದ ಈ ನಾಡಿಗೆ ಥಾಮಸ್ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ. ಹೊಲಹೊಲ ಅಳೆದು ರೈತವಾರಿ ಕಂದಾಯ ಕಟ್ಟಿದ್ದು ಮನ್ರೋ. ಇಡೀ ಸೀಮೆಯ ಭೂಪಟ ಸಿದ್ಧಪಡಿಸುವ ಕೆಲಸ ಮೆಕೆಂಜಿಯ ಮೇಲ್ವಿಚಾರಣೆಯಲ್ಲಿ 1809ರಲ್ಲಿ ಶುರುವಾಗಿ ಕೆಲವು ವರ್ಷ ನಡೆಯಿತು. ಮದ್ರಾಸಿನ ಸರ್ವೆ ಶಾಲೆಯಲ್ಲಿ ತರಬೇತಾದ ಯುವಕರು ಈ ಅಳತೆಯಲ್ಲಿ ದುಡಿದರು. ಹೊಸಪೇಟೆ, ಕಂಪ್ಲಿ ಕಂಪನಿಯ ಬಣ್ಣದೊಳಗೆ ಸೇರಿದರೆ, ಸುತ್ತ ಬೆಟ್ಟಗಳ ನಡುವಿನ ಸಂಡೂರು ಘೋರ್ಪಡೆ ಮನೆತನದ ಕೈಯಲ್ಲೇ ಉಳಿಯಿತು. ಆ ಮನೆತನದ ಹಕ್ಕನ್ನು ಕಂಪನಿ ಸನದಿನ ಮೂಲಕ ಒಪ್ಪಿದ್ದು 1826ರಲ್ಲಿ. ಅಲ್ಲಿಂದ 1949ರವರೆಗೆ ಬಳ್ಳಾರಿ ಜಿಲ್ಲೆಯ ಪ್ರತಿ ಭೂಪಟದಲ್ಲೂ ಸಂಡೂರು ಬೇರೆ ಬಣ್ಣದ ತುಂಡಾಗಿಯೇ ಕಾಣಿಸಿಕೊಂಡಿತು.

1810ರಲ್ಲಿ ಮೆಕೆಂಜಿ ಮದ್ರಾಸ್ ಪ್ರಾಂತದ ಸರ್ವೇಯರ್ ಜನರಲ್ ಆದ. ಮರುವರ್ಷವೇ ಜಾವಾ ದಂಡಯಾತ್ರೆಗೆ ಕರೆ ಬಂತು. ನೆಪೋಲಿಯನ್ ಹಾಲೆಂಡನ್ನು ನುಂಗಿದ್ದರಿಂದ ಜಾವಾದ ಡಚ್ ನೆಲೆಗಳು ಫ್ರೆಂಚರ ಕೈಗೆ ಹೋಗುತ್ತವೆ ಎಂಬ ಆತಂಕದಲ್ಲಿ ಕಂಪನಿ ದೊಡ್ಡ ಹಡಗುಪಡೆ ಕಳಿಸಿತು. ಮೆಕೆಂಜಿ ಮುಖ್ಯ ಎಂಜಿನಿಯರ್. ಬಟಾವಿಯಾ ಬಳಿಯ ಕಾರ್ನೆಲಿಸ್ ಕೋಟೆ 1811ರ ಆಗಸ್ಟಿನಲ್ಲಿ ಬಿದ್ದ ಮೇಲೆ ಎರಡು ವರ್ಷ ಅಲ್ಲೇ ಉಳಿದ. ಪ್ರಂಬನನ್‌ನ ಹಾಳು ದೇಗುಲಗಳನ್ನು ನೋಡಿ ವಿವರ ಬರೆದ. ಡಚ್ ಮನೆತನದ ಪೆಟ್ರೊನೆಲ್ಲಾ ಬಾರ್ಟೆಲ್ಸಳನ್ನು ಮದುವೆಯಾದ. ಹಂಪಿಯಲ್ಲಿ ಹಾಳು ದೇಗುಲಗಳನ್ನು ಅಳೆದ ಕಣ್ಣಿಗೆ ಜಾವಾದ ಹಿಂದೂ ಗುಡಿಗಳು ತೀರ ಅಪರಿಚಿತವಾಗಿರಲಾರವು.

1815ರಲ್ಲಿ ಇಡೀ ಭಾರತಕ್ಕೆ ಒಬ್ಬನೇ ಸರ್ವೇಯರ್ ಜನರಲ್ ಇರಬೇಕೆಂದು ಕಂಪನಿ ತೀರ್ಮಾನಿಸಿ ಆ ಹುದ್ದೆಗೆ ಮೊದಲಿಗನಾಗಿ ಮೆಕೆಂಜಿಯನ್ನು ನೇಮಿಸಿತು. 1817ರಲ್ಲಿ ಅವನು ಕಲ್ಕತ್ತೆಗೆ ಹೋದ. ಲಕ್ಷ್ಮಯ್ಯ ಮತ್ತು ಕೆಲವು ಪಂಡಿತರೂ ಊರು ಬಿಟ್ಟು ಜೊತೆಗೆ ಹೋದರು. ಸಂಗ್ರಹವನ್ನೆಲ್ಲ ಒಪ್ಪ ಮಾಡಿ, ಅನುವಾದ ಮುಗಿಸಿ, ದಕ್ಷಿಣದ ಇತಿಹಾಸವೊಂದನ್ನು ಬರೆಯುವುದು ಅವನ ಆಸೆ. ಕಲ್ಕತ್ತೆಯಲ್ಲಿ ಕನ್ನಡ, ತೆಲುಗು, ತಮಿಳು ಓದಬಲ್ಲವರು ವಿರಳ, ದೇಹಸ್ಥಿತಿಯೂ ಕೆಟ್ಟಿತು. 1821ರ ಮೇ 8ರಂದು, ಹವೆ ಬದಲಾವಣೆಗೆಂದು ಹೂಗ್ಲಿ ನದಿಯಲ್ಲಿ ಹೊರಟಿದ್ದಾಗ ಪ್ರಾಣ ಹೋಯಿತು. ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಹೂಳಿದರು. ಇತಿಹಾಸದ ಪುಸ್ತಕ ಬರೆಯಲಾಗಲೇ ಇಲ್ಲ. ವಿಜಯನಗರದ ಪತನದ ನಂತರದ ದಕ್ಷಿಣದ ರಾಜಕೀಯ ಘಟನೆಗಳ ಬಗ್ಗೆ ಅವನು ಬರೆದಿದ್ದ ಒಂದು ಪ್ರಬಂಧ ಅಚ್ಚಾದದ್ದೂ ಅವನು ಸತ್ತು ಎರಡು ದಶಕ ಕಳೆದ ಮೇಲೆ.

ಬಿಟ್ಟು ಹೋದದ್ದರ ಪ್ರಮಾಣ ಬೆರಗು ಹುಟ್ಟಿಸುತ್ತದೆ. ಗವರ್ನರ್ ಜನರಲ್ ಹೇಸ್ಟಿಂಗ್ಸ್ ಸಂಗ್ರಹವನ್ನು ಮೆಕೆಂಜಿಯ ಹೆಂಡತಿಯಿಂದ 10,000 ಪೌಂಡಿಗೆ ಕಂಪನಿಯ ಪರವಾಗಿ ಕೊಂಡ. ಹೊರೇಸ್ ಹೇಮನ್ ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಅದರಲ್ಲಿ 1,568 ಸಾಹಿತ್ಯ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳಿದ್ದವು. ಇಷ್ಟನ್ನು ಪಟ್ಟಿ ಮಾಡಿದ ವಿಲ್ಸನ್ ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸ. ಆದರೆ ದ್ರಾವಿಡ ಭಾಷೆಗಳು ಅವನಿಗೆ ತಿಳಿಯುತ್ತಿರಲಿಲ್ಲ. ಕನ್ನಡದ ಬರಹಗಳಿಗೆ ಅವನು ಮೆಕೆಂಜಿಯ ಸಹಾಯಕರು ಮಾಡಿಟ್ಟಿದ್ದ ಇಂಗ್ಲಿಷ್ ಸಾರಾಂಶಗಳನ್ನೇ ನೆಚ್ಚಿಕೊಂಡ. ಮೂಲವನ್ನು ಓದಬಲ್ಲವರು ಪಕ್ಕದಲ್ಲೇ ಇದ್ದರೂ ಪಟ್ಟಿಗೆ ಹೆಸರು ಬಿದ್ದದ್ದು ಓದಲಾರದವನದು.

ಇದಕ್ಕಿಂತ ನೋವಿನ ಸಂಗತಿ ಲಕ್ಷ್ಮಯ್ಯನದು. ಒಡೆಯ ಸತ್ತ ಮೇಲೂ ಕೆಲಸವನ್ನು ಮುಂದುವರಿಸುವ ಅವಕಾಶ ಕೊಡಿ ಎಂದು ಅವನು ಸರ್ಕಾರಕ್ಕೆ ಬಿನ್ನವಿಸಿಕೊಂಡ. 1830ರ ದಶಕದಲ್ಲಿ ಈ ಬಿನ್ನಹ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಮುಂದೆ ಬಂದಾಗ ಅದರ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್ ಒಪ್ಪಲಿಲ್ಲ. ಇಂಥ ಸಂಶೋಧನೆಯನ್ನು ನಡೆಸುವ ಅರ್ಹತೆ ಭಾರತೀಯನೊಬ್ಬನಿಗೆ ಇಲ್ಲ ಎಂಬುದು ಅವನ ಅಭಿಪ್ರಾಯದ ತಿರುಳು. ಕಾಲು ಶತಮಾನ ಹಳ್ಳಿಹಳ್ಳಿಗೂ ಗುಮಾಸ್ತರನ್ನು ಕಳಿಸಿ, ಅವರ ವರದಿಗಳನ್ನು ತಿದ್ದಿ, ಅನುವಾದ ಮಾಡಿಸಿ, ಇಡೀ ಸಂಗ್ರಹದ ಒಳಹೊರಗು ಬಲ್ಲ ಮನುಷ್ಯನಿಗೆ ಸಿಕ್ಕ ಉತ್ತರ ಅದು. ತಮ್ಮ ರಾಮಸ್ವಾಮಿ ದಖನ್ನಿನ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1829ರಲ್ಲಿ ಪ್ರಕಟಿಸಿದ. ಆ ಬಗೆಯ ಪುಸ್ತಕವನ್ನು ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದದ್ದು ಆಗ ಹೊಸದು.

ಸಂಗ್ರಹ ಒಂದೆಡೆ ಉಳಿಯಲಿಲ್ಲ. ಚಿತ್ರ, ನಕ್ಷೆ ಮತ್ತು ಕೆಲವು ಬರಹಗಳು ಲಂಡನ್ನಿಗೆ ಹೋದವು. ದಕ್ಷಿಣದ ಭಾಷೆಗಳ ಬರಹಗಳಲ್ಲಿ ಹೆಚ್ಚಿನವು ಮದ್ರಾಸಿಗೆ ಬಂದು, ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಸೇರಿದವು. ವಿಜಯನಗರದ ಇತಿಹಾಸಕಾರರು ಅವುಗಳತ್ತ ತಿರುಗಿದ್ದು ಬಹಳ ತಡವಾಗಿ. ರಾಬರ್ಟ್ ಸಿವೆಲ್ 1900ರಲ್ಲಿ ಬರೆದ ಪ್ರಸಿದ್ಧ ಇತಿಹಾಸದ ಬಲ ಇರುವುದು ಪಾಯಸ್, ನ್ಯೂನಿಜ್ ಎಂಬ ಪೋರ್ಚುಗೀಸರ ಬರಹಗಳಲ್ಲಿ. ದೇಶಭಾಷೆಗಳ ಆಕರಗಳಿಗೆ ಸರಿಯಾದ ಸ್ಥಾನ ಸಿಕ್ಕಿದ್ದು ಎಸ್. ಕೃಷ್ಣಸ್ವಾಮಿ ಅಯ್ಯಂಗಾರರು 1919ರಲ್ಲಿ, ಕೆ.ಎ. ನೀಲಕಂಠ ಶಾಸ್ತ್ರಿ ಮತ್ತು ಎನ್. ವೆಂಕಟರಮಣಯ್ಯನವರು 1946ರಲ್ಲಿ ಹೊರತಂದ ಆಕರ ಸಂಪುಟಗಳಿಂದ. ರಕ್ಕಸತಂಗಡಿ ಯುದ್ಧದ ಕಥೆ ಹೇಳುವ ರಾಮರಾಯನ ಬಖೈರು ಓದುಗರಿಗೆ ದೊರೆತದ್ದು ಮೆಕೆಂಜಿಯ ಸಂಗ್ರಹದಲ್ಲಿ ಅದು ಉಳಿದಿದ್ದುದರಿಂದ. ಫಿರಿಸ್ತಾನಂಥ ಪಾರಸಿ ಚರಿತ್ರೆಕಾರರು ಗೆದ್ದವರ ಕಡೆಯಿಂದ ಹೇಳಿದ ಯುದ್ಧವನ್ನು ಅದು ಇನ್ನೊಂದು ಕಡೆಯಿಂದ ಹೇಳುತ್ತದೆ.

ಕನ್ನಡದ ಕೈಫಿಯತ್ತುಗಳು ಒಟ್ಟಾಗಿ ಅಚ್ಚಿಗೆ ಬಂದದ್ದು ಇನ್ನೂ ತಡವಾಗಿ. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಅಲ್ಲಿಯವರೆಗೆ ಮದ್ರಾಸಿಗೆ ಹೋಗಿ ಮಾಸಿದ ಮೋಡಿ ಅಕ್ಷರದ ಕಾಗದಗಳ ಮುಂದೆ ಕೂರಬಲ್ಲ ಕೆಲವೇ ಸಂಶೋಧಕರಿಗೆ ಎಟುಕುತ್ತಿದ್ದ ಊರುಗಳ ವೃತ್ತಾಂತ ಅಂದಿನಿಂದ ಕನ್ನಡ ಓದಬಲ್ಲ ಯಾರಿಗಾದರೂ ಸಿಗುವಂತಾಯಿತು. ತುಂಗಭದ್ರಾ ಅಣೆಕಟ್ಟೆಗಾಗಿ ಊರುಗಳೇ ನೀರಿನಡಿ ಹೋದ ಈ ಸೀಮೆಯಲ್ಲಿ ಹಳ್ಳಿಯೊಂದರ ಹಳೆಯ ಲಿಖಿತ ವಿವರಕ್ಕೆ ಇರುವ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಹಂಪಿಯ ಅಳತೆಯ ಕೆಲಸವೂ ಮೆಕೆಂಜಿಯ ನಕ್ಷೆಗೆ ನಿಲ್ಲಲಿಲ್ಲ. 1980ರ ದಶಕದಲ್ಲಿ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಎಂಬ ಸಂಶೋಧಕರು ಕರ್ನಾಟಕದ ಪುರಾತತ್ವ ಇಲಾಖೆಯ ಜೊತೆಗೂಡಿ ಇಡೀ ಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ, ನೆಲದ ಮೇಲೆ ಕಾಣುವ ಪ್ರತಿ ಗೋಡೆ, ಮಂಟಪ, ಬಾವಿ, ಕಾಲುದಾರಿಗಳನ್ನು ಹಲವು ವರ್ಷ ಕಾಲ ದಾಖಲಿಸಿದರು. ಮೆಕೆಂಜಿಯ ಕಾಲದ ನಕ್ಷೆಯಲ್ಲಿ ಪಟ್ಟಣದ ಮೈಕಟ್ಟು ಮಾತ್ರ ಇತ್ತು. ಈ ಹೊಸ ನಕ್ಷೆಗಳಲ್ಲಿ ಅದರ ಓಣಿ, ಮನೆಯಂಗಳಗಳೂ ಗುರುತಾಗಿವೆ.